ಧ್ರುವನೂ ಕದಲುತ್ತಾನೆ!

ಮದುವೆಯ ಮನೆಯಲ್ಲಿ ಧಾರೆ, ಸಪ್ತಪದಿಗಳೆಲ್ಲ ಮುಗಿದ ಮೇಲೆ ಪುರೋಹಿತರು ವಧೂವರರನ್ನು ಮಂಟಪದಿಂದ ಅಂಗಳಕ್ಕೆ ಕರೆತಂದು, ಬೆರಳನ್ನು ಮೇಲಕ್ಕೆತ್ತಿ, “ಅಗೋ ಧ್ರುವ, ಅಗೋ ಅರುಂಧತಿ, ಕಂಡೆಯೇನಮ್ಮ?” ಎಂದು ಕೇಳುವುದುಂಟು. ಮುಹೂರ್ತ ಬೆಳಗಿನದಾದರೆ ಆಗ ಮಟಮಟ ಮಧ್ಯಾಹ್ನ. ಚಪ್ಪರದ ಗರಿಗಳ ಸಂದಿನಿಂದ ಬಿಸಿಲಲ್ಲದೆ ಮತ್ತೇನೂ ಇಣುಕದ ಆ ಹೊತ್ತಿನಲ್ಲಿ ಮದುಮಗಳು ತಲೆ ಬಗ್ಗಿಸಿಕೊಂಡೇ “ಕಂಡೆ” ಎನ್ನುತ್ತಾಳೆ. ಹಿಂದೆ ನಿಂತ ಗೆಳತಿಯರು ಕಿಸಕ್ಕನೆ ನಗುತ್ತಾರೆ. ಪುರೋಹಿತರು ಮುಂದಿನ ಮಂತ್ರಕ್ಕೆ ಹೋಗುತ್ತಾರೆ. ಧ್ರುವನಂತೆ ಅಚಲಳಾಗಿರು, ಅರುಂಧತಿಯಂತೆ ಪತಿಯ ಬಳಿಯಲ್ಲಿರು ಎಂಬ ಹಾರೈಕೆಯೇ ಈ ಶಾಸ್ತ್ರದ ತಿರುಳು. ಕಾಣದ ನಕ್ಷತ್ರವನ್ನು ಕಂಡೆನೆಂದು ಹೇಳಿ ಸಂಸಾರಕ್ಕೆ ಕಾಲಿಡುವುದು ಸರಿಯೇ ತಪ್ಪೇ ಎಂಬ ಜಿಜ್ಞಾಸೆ ಇಲ್ಲಿ ಬೇಡ.

ಅದೇ ಅಂಗಳದಲ್ಲಿ, ನಿಜವಾಗಿಯೂ ರಾತ್ರಿಯಾದ ಮೇಲೆ, ಕ್ಯಾಮರಾವೊಂದನ್ನು ಉತ್ತರ ದಿಕ್ಕಿಗೆ ಮುಖಮಾಡಿ ನಿಲ್ಲಿಸಿ ಅದರ ಕಣ್ಣನ್ನು ಮೂರು ನಾಲ್ಕು ಗಂಟೆಗಳ ಕಾಲ ತೆರೆದಿಟ್ಟರೆ ಮೂಡುವ ಚಿತ್ರವು ಬೇರೆಯೇ ಒಂದು ಕಥೆಯನ್ನು ಹೇಳುತ್ತದೆ. ಆ ಚಿತ್ರದಲ್ಲಿ ಚುಕ್ಕೆಗಳಿರುವುದಿಲ್ಲ. ಚುಕ್ಕೆಗಳಿದ್ದೆಡೆಯಲ್ಲೆಲ್ಲ ಬೆಳಕಿನ ಕಮಾನುಗಳು. ಒಂದರೊಳಗೊಂದು, ಅದರೊಳಗೆ ಮತ್ತೊಂದು, ಅಳತೆವಾರಿ ಜೋಡಿಸಿಟ್ಟ ಬಳೆಗಳಂತೆ ಅವೆಲ್ಲವೂ ಒಂದೇ ಬಿಂದುವನ್ನು ಸುತ್ತುತ್ತವೆ. ಆ ಬಿಂದುವಿನಲ್ಲಿ ಏನೂ ಇಲ್ಲ, ಬರಿಯ ಕತ್ತಲೆ. ಅದರ ಪಕ್ಕದಲ್ಲಿ ಮಾತ್ರ ಗಿಡ್ಡನೆಯ, ದಪ್ಪನೆಯ ಒಂದು ಗೀರು ಕಾಣುತ್ತದೆ. ಆ ಗೀರೇ ಧ್ರುವ! ಆಕಾಶದ ನಿಜವಾದ ಧ್ರುವಬಿಂದುವಿನಿಂದ ಆತನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿದ್ದಾನೆ. ಎರಡೂವರೆ ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಟ್ಟರೆ ಎಷ್ಟು ಅಗಲವೋ ಸುಮಾರಾಗಿ ಅಷ್ಟು ಅಗಲದ ವೃತ್ತದಲ್ಲಿ ಈ ‘ಅಚಲ’ನು ದಿನಕ್ಕೊಂದು ಪ್ರದಕ್ಷಿಣೆ ಹಾಕುತ್ತಾನೆ. ಬರಿಗಣ್ಣಿಗೆ ಅದು ಕಾಣದು. ಕಣ್ಣಿಗೆ ಅಷ್ಟು ಸಹನೆಯಿಲ್ಲ. ಕ್ಯಾಮರಾಕ್ಕೆ ಇದೆ.

ಅರುಂಧತಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಸಪ್ತರ್ಷಿ ಮಂಡಲದ ಬಾಲದಲ್ಲಿ ನಡುವಣ ನಕ್ಷತ್ರ ವಸಿಷ್ಠ. ಅದಕ್ಕೆ ಅಂಟಿದಂತೆ ಮಿನುಗುವ ಮಂದ ನಕ್ಷತ್ರವೇ ಅರುಂಧತಿ. ಜಾಡಿನ ಚಿತ್ರದಲ್ಲಿ ಈ ದಂಪತಿಗಳನ್ನು ಹುಡುಕಹೊರಟವನಿಗೆ ಎರಡು ಗೆರೆಗಳು ಸಿಗುವುದೇ ಕಷ್ಟ. ಏಕೆಂದರೆ ವಸಿಷ್ಠನು ಹಾದುಹೋದ ಜಾಡಿಗೆ ತಾಗಿಕೊಂಡೇ, ಸುಮಾರು ಒಂದೂಕಾಲು ನಿಮಿಷ ತಡವಾಗಿ, ಅರುಂಧತಿಯು ಹಾದುಹೋಗುತ್ತಾಳೆ. ವಿಶಾಲ ನೋಟದ ಲೆನ್ಸಿನಲ್ಲಿ ಇಬ್ಬರ ಜಾಡೂ ಹೆಚ್ಚುಕಡಮೆ ಒಂದೇ ಗೆರೆಯಾಗಿ ಬೆರೆತುಬಿಡುತ್ತದೆ. ಛಾಯಾಚಿತ್ರದ ಚರಿತ್ರೆಯಲ್ಲಿಯೂ ಇವರಿಗೆ ಒಂದು ಸ್ಥಾನವುಂಟು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ೧೮೫೦ರಲ್ಲಿ ಮೊತ್ತಮೊದಲು ಕ್ಯಾಮರಾಕ್ಕೆ ಸಿಕ್ಕ ನಕ್ಷತ್ರ ಅಭಿಜಿತ್. ಏಳು ವರ್ಷಗಳ ನಂತರ, ೧೮೫೭ರಲ್ಲಿ, ಅದೇ ವೀಕ್ಷಣಾಲಯದ ಜಾರ್ಜ್ ಬಾಂಡ್ ಹಾಗೂ ಆತನ ಛಾಯಾಗ್ರಾಹಕ ಮಿತ್ರರು ಗಾಜಿನ ಫಲಕಕ್ಕೆ ಹಸಿ ಕೊಲೋಡಿಯನ್ ಬಳಿದು ವಸಿಷ್ಠ ಮತ್ತು ಅರುಂಧತಿಯರನ್ನು ಸೆರೆಹಿಡಿದರು. ಹೀಗೆ ನಕ್ಷತ್ರ ಜೋಡಿಗಳಲ್ಲಿ ಮೊದಲು ಫೋಟೋ ತೆಗೆಸಿಕೊಂಡವರು ನಮ್ಮ ಮದುವೆಮನೆಯ ದಂಪತಿಗಳೇ.

ತಿರುಗುವುದು ಯಾರು?

ಕಮಾನುಗಳನ್ನು ಬರೆಯುವುದು ನಕ್ಷತ್ರಗಳಲ್ಲ, ಭೂಮಿ. ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ತೋರುವ ಹಾಗೆ, ತಿರುಗುವ ಭೂಮಿಯ ಮೇಲಿರುವವರಿಗೆ ನಿಂತ ನಕ್ಷತ್ರಗಳು ಪಡುವಣಕ್ಕೆ ಸಾಗುವಂತೆ ಕಾಣುತ್ತವೆ ಎಂಬ ವಿವರಣೆಯನ್ನು ಆರ್ಯಭಟನು ಕ್ರಿ.ಶ. ೪೯೯ರಷ್ಟು ಹಿಂದೆಯೇ ಕೊಟ್ಟಿದ್ದನು. ಅವನ ಮಾತನ್ನು ಆಮೇಲಿನ ಅನೇಕ ಪಂಡಿತರು ಒಪ್ಪಲಿಲ್ಲ. ವ್ಯಾಖ್ಯಾನಕಾರರು ಬೇರೆ ಅರ್ಥ ಹೇಳಿ ಸರಿದೂಗಿಸಲು ನೋಡಿದರು. ಈ ಚಿತ್ರದಲ್ಲಿ ಕ್ಯಾಮರಾವೇ ದೋಣಿಯಲ್ಲಿ ಕುಳಿತ ಮನುಷ್ಯ.

ಭೂಮಿಯು ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತನ್ನು ೨೩ ಗಂಟೆ ೫೬ ನಿಮಿಷ ೪ ಸೆಕೆಂಡುಗಳಲ್ಲಿ ಮುಗಿಸುತ್ತದೆ. ಎಂದರೆ ಗಂಟೆಗೆ ಸುಮಾರು ೧೫ ಡಿಗ್ರಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಪೂರ್ಣ ವೃತ್ತದ ಚಿತ್ರ ಬೇಕಾದವನಿಗೆ ಒಂದು ಇಡೀ ದಿನದ ಕತ್ತಲೆ ಬೇಕು. ಅದು ಧ್ರುವಪ್ರದೇಶದ ಚಳಿಗಾಲದಲ್ಲಿ ಮಾತ್ರ ದೊರೆಯುವ ಭಾಗ್ಯ. ಉಳಿದವರಿಗೆ ಮೂರು ಗಂಟೆಯ ದುಡಿಮೆಗೆ ೪೫ ಡಿಗ್ರಿಯ ಕಮಾನು, ವೃತ್ತದ ಎಂಟನೆಯ ಒಂದು ಪಾಲು, ದಕ್ಕುತ್ತದೆ. ಸಾವಿರ ಗೆರೆಗಳು ಒಟ್ಟಿಗೆ ಬಾಗಿದಾಗ ಉಳಿದ ಏಳು ಪಾಲನ್ನು ನೋಡುವವನ ಕಣ್ಣೇ ತುಂಬಿಕೊಳ್ಳುತ್ತದೆ.

ಧ್ರುವನ ಪದವಿಯೂ ಶಾಶ್ವತವಾದುದಲ್ಲ. ತೂಗಾಡುತ್ತ ತಿರುಗುವ ಬುಗುರಿಯಂತೆ ಭೂಮಿಯ ಅಕ್ಷವು ಸುಮಾರು ೨೬,೦೦೦ ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ದೊಡ್ಡ ವೃತ್ತವನ್ನು ಬರೆಯುತ್ತದೆ. ಕ್ರಿಸ್ತಪೂರ್ವ ೨೮೦೦ರ ಹೊತ್ತಿಗೆ ಆ ಪೀಠದ ಬಳಿ ಇದ್ದುದು ಥೂಬನ್ ಎಂಬ ಬೇರೊಂದು ನಕ್ಷತ್ರ. ಇನ್ನು ಸುಮಾರು ಹನ್ನೆರಡು ಸಾವಿರ ವರ್ಷ ಕಳೆದರೆ ಉಜ್ಜ್ವಲವಾದ ಅಭಿಜಿತ್ತು ಅದರ ಹತ್ತಿರಕ್ಕೆ ಬಂದಿರುತ್ತದೆ. ಅಷ್ಟು ದೂರ ಹೋಗುವುದೇಕೆ? ಕೃಷ್ಣದೇವರಾಯನು ಆಳುತ್ತಿದ್ದಾಗ, ಎಂದರೆ ೧೫೦೯ರಿಂದ ೧೫೨೯ರವರೆಗೆ, ಈಗಿನ ಧ್ರುವನು ಆಕಾಶದ ಧ್ರುವಬಿಂದುವಿನಿಂದ ಮೂರು ಡಿಗ್ರಿಗಿಂತಲೂ ಹೆಚ್ಚು ದೂರದಲ್ಲಿದ್ದನು. ವಿಜಯನಗರದ ಕಾವಲುಗಾರನು ರಾತ್ರಿಯ ಪಹರೆಯಲ್ಲಿ ಮನಸ್ಸಿಟ್ಟು ನೋಡಿದ್ದರೆ, ಸಂಜೆ ಒಂದು ಬಂಡೆಯ ತುದಿಯಲ್ಲಿದ್ದ ಧ್ರುವನು ಬೆಳಗಿನ ಜಾವಕ್ಕೆ ಅಲ್ಲಿಂದ ಸರಿದಿರುವುದು ಅವನಿಗೆ ಬರಿಗಣ್ಣಿನಲ್ಲೇ ತಿಳಿಯುತ್ತಿತ್ತು.

ಹಂಪೆಯ ಬಂಡೆ

ಆ ಬಂಡೆಗಳು ಇಂದಿಗೂ ಅಲ್ಲಿಯೇ ಇವೆ. ನಕ್ಷತ್ರಜಾಡಿನ ಚಿತ್ರಕ್ಕೆ ಕನ್ನಡ ನಾಡಿನಲ್ಲಿ ಹಂಪೆಯ ಸುತ್ತಲ ನೆಲಕ್ಕಿಂತ ಒಪ್ಪುವ ನೆಲ ಅಪರೂಪ. ಆನೆಯ ಗಾತ್ರದ ಕಲ್ಲಿನ ಮೇಲೆ ಮನೆಯ ಗಾತ್ರದ ಕಲ್ಲು, ಅದರ ಮೇಲೆ ಯಾವ ಕ್ಷಣದಲ್ಲಾದರೂ ಉರುಳೀತೆಂಬಂತೆ ಕುಳಿತ ಮತ್ತೊಂದು. ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಅದು. ಆಕಾಶವೆಲ್ಲ ಗಿರಗಿರನೆ ತಿರುಗುವ ಚಿತ್ರಕ್ಕೆ ಮಿಸುಕದ ಮುನ್ನೆಲೆಯೊಂದು ಬೇಕು. ಗಾಳಿಗೆ ತೂಗುವ ಮರದ ಕೊಂಬೆಗಳು ಚಿತ್ರದಲ್ಲಿ ಹೊಗೆಯಂತೆ ಕಲಸಿಹೋಗುತ್ತವೆ; ಬಂಡೆ ಹಾಗಲ್ಲ.

ಹಂಪೆಯ ಅಕ್ಷಾಂಶ ೧೫ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಒಂದು ಊರಿನ ಅಕ್ಷಾಂಶವೆಷ್ಟೋ ಆ ಊರಿನಲ್ಲಿ ಧ್ರುವನು ದಿಗಂತದಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತಾನೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು ೧೦ ಡಿಗ್ರಿ. ಆದುದರಿಂದ ಹಂಪೆಯಲ್ಲಿ ಧ್ರುವನು ಒಂದೂವರೆ ಮುಷ್ಟಿ ಎತ್ತರದಲ್ಲಿದ್ದಾನೆ, ಬೆಂಗಳೂರಿನಲ್ಲಿ ಅದಕ್ಕಿಂತಲೂ ಕೆಳಗೆ, ೧೩ ಡಿಗ್ರಿಯಲ್ಲಿ. ಯೂರೋಪಿನ ಛಾಯಾಗ್ರಾಹಕನು ಕುತ್ತಿಗೆ ನೋಯುವಂತೆ ಕ್ಯಾಮರಾವನ್ನು ಮೇಲಕ್ಕೆತ್ತಬೇಕು. ಲಂಡನ್ನಿನಲ್ಲಿ ಧ್ರುವನ ಎತ್ತರ ೫೧ ಡಿಗ್ರಿಗೂ ಮೇಲೆ. ಆಗ ನೆಲವು ಚಿತ್ರದ ಅಡಿಯಲ್ಲಿ ಸೀರೆಯ ಅಂಚಿನಷ್ಟು ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಧ್ರುವನು ಬಂಡೆಯ ಹೆಗಲ ಮೇಲೆಯೇ ಬಂದು ಕೂರುತ್ತಾನೆ. ತುಂಗಭದ್ರೆಯ ದಕ್ಷಿಣದ ದಡದಿಂದ ಆನೆಗೊಂದಿಯ ಕಡೆಯ ಗುಡ್ಡಗಳನ್ನು ನೋಡುತ್ತ ನಿಂತವನಿಗೆ ನೆಲ, ಬಂಡೆ, ಧ್ರುವ, ಸುತ್ತಲ ಬಳೆಗಳು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ದೊರೆಯುತ್ತವೆ. ಧ್ರುವನು ತಗ್ಗಿನಲ್ಲಿದ್ದಾನೆಂದು ನಮ್ಮ ನಾಡಿನ ಆಕಾಶವೀಕ್ಷಕರು ಪೇಚಾಡಿಕೊಳ್ಳುವುದುಂಟು. ಛಾಯಾಗ್ರಾಹಕನಿಗೆ ಆ ದೂರು ಸಲ್ಲದು.

ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಧ್ರುವಬಿಂದುವಿನಿಂದ ೧೫ ಡಿಗ್ರಿಯೊಳಗಿರುವ ನಕ್ಷತ್ರಗಳು ಮಾತ್ರ ಇಲ್ಲಿ ಮುಳುಗದೆ ಸುತ್ತುತ್ತವೆ. ಸಪ್ತರ್ಷಿಗಳು ಲಂಡನ್ನಿನಲ್ಲಿ ಎಂದೂ ಮುಳುಗುವುದಿಲ್ಲ. ಹಂಪೆಯಲ್ಲಿ ಅವರೂ ಉಳಿದವರಂತೆ ಹುಟ್ಟಿ ಮುಳುಗುವವರೇ. ಆದರೆ ಉತ್ತರದಲ್ಲಿ ಹೋದದ್ದು ದಕ್ಷಿಣದಲ್ಲಿ ಬರುತ್ತದೆ. ಲಂಡನ್ನಿನವರು ತಮ್ಮೂರಿನಿಂದ ಎಂದೂ ಕಾಣಲಾರದ ಅಗಸ್ತ್ಯ ನಕ್ಷತ್ರವು ಹಂಪೆಯಲ್ಲಿ ಎರಡು ಮುಷ್ಟಿಗೂ ಮೇಲೇರುತ್ತದೆ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ತ್ರಿಶಂಕುವೂ ತಲೆಯೆತ್ತುತ್ತಾನೆ. ಕ್ಯಾಮರಾವನ್ನು ದಕ್ಷಿಣಕ್ಕೆ ತಿರುಗಿಸಿದರೆ ಇವೆಲ್ಲ ನೆಲದಡಿಯಲ್ಲಿ ಅಡಗಿರುವ ದಕ್ಷಿಣ ಧ್ರುವಬಿಂದುವನ್ನು ಸುತ್ತುತ್ತ ಕಾಮನಬಿಲ್ಲಿನಂತಹ ಕಮಾನುಗಳನ್ನು ಬರೆಯುತ್ತವೆ.

ಪೂರ್ವಕ್ಕೆ ಮುಖಮಾಡಿದಾಗಿನ ಚಿತ್ರವನ್ನು ನೋಡದೆ ಈ ವಿದ್ಯೆಯನ್ನು ಬಿಡಬಾರದು. ಬಹುಮಂದಿ ಧ್ರುವನ ಬಳೆಗಳಿಗೇ ಮರುಳಾಗಿ ಇದನ್ನು ಕಡೆಗಣಿಸುತ್ತಾರೆ. ಆಕಾಶದ ನಡುಗೆರೆಯಾದ ವಿಷುವದ್ವೃತ್ತದ ಮೇಲೆಯೇ ಎಂಬಷ್ಟು ಹತ್ತಿರದಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೇಲಿನ ನಕ್ಷತ್ರವಿದೆ. ಡಿಸೆಂಬರಿನ ಸಂಜೆ ಅದು ಹುಟ್ಟಿ ಮೇಲೇರುವಾಗ ಬರೆಯುವ ಗೆರೆ ನೆಟ್ಟನೆಯ ಸರಳರೇಖೆ. ಅದರ ಎಡಗಡೆಯ ಗೆರೆಗಳು ಉತ್ತರದ ಕಡೆಗೆ ಬಾಗುತ್ತವೆ, ಬಲಗಡೆಯವು ದಕ್ಷಿಣದ ಕಡೆಗೆ. ನಡುವೆ ಬೈತಲೆ ತೆಗೆದು ಎರಡೂ ಕಡೆಗೆ ಬಾಚಿದ ತಲೆಗೂದಲಿನಂತಿರುತ್ತದೆ ಆ ಚಿತ್ರ. ಭೂಮಿಗೆ ಎರಡು ಧ್ರುವಗಳಿವೆಯೆಂದು ಶಾಲೆಯ ಗೋಲವನ್ನು ತೋರಿಸಿ ಹೇಳುವ ಪಾಠವನ್ನು ಇಷ್ಟು ಸ್ಪಷ್ಟವಾಗಿ ತಿಳಿಸುವ ಬೇರೆ ಚಿತ್ರ ಇರಲಾರದು.

ಹಂಪೆಯ ರಾತ್ರಿಯ ಬಗೆಗೆ ಒಂದು ಎಚ್ಚರಿಕೆ. ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳದ ಸಂರಕ್ಷಿತ ಸ್ಮಾರಕಗಳ ಆವರಣಕ್ಕೆ ಸೂರ್ಯಾಸ್ತದ ಮೇಲೆ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ. ಹೊರಗಣ ಗುಡ್ಡಗಳಲ್ಲಿ ಚಿರತೆ, ಕರಡಿಗಳ ಸಂಚಾರವುಂಟು. ದರೋಜಿಯ ಕರಡಿಧಾಮ ಅಲ್ಲಿಂದ ದೂರವೇನಲ್ಲ. ಊರಿನವರಿಗೆ ತಿಳಿಸದೆ, ಜೊತೆಯಿಲ್ಲದೆ, ನಕ್ಷತ್ರಗಳನ್ನು ನಂಬಿ ಬಂಡೆ ಹತ್ತುವುದು ಜಾಣತನವಲ್ಲ.

ಒಂದು ನೆಗೆಟಿವ್, ಒಂದು ರಾತ್ರಿ

ಫಿಲ್ಮಿನ ಕಾಲದಲ್ಲಿ ಈ ಕೆಲಸ ಸರಳವೂ ಆಗಿತ್ತು, ನಿರ್ದಯವೂ ಆಗಿತ್ತು. ಟ್ರೈಪಾಡಿನ ಮೇಲೆ ಕ್ಯಾಮರಾ ಕೂರಿಸಿ, ಷಟರನ್ನು ತೆರೆದು, ಅದು ಮುಚ್ಚಿಕೊಳ್ಳದಂತೆ ತಂತಿಯ ತಿರುಪನ್ನು ಬಿಗಿದುಬಿಟ್ಟರೆ ಆಯಿತು. ಬ್ಯಾಟರಿಯ ಹಂಗೂ ಇರಲಿಲ್ಲ. ಆದರೆ ನಾಲ್ಕು ಗಂಟೆ ಕಾದ ಮೇಲೆ ದೂರದ ರಸ್ತೆಯ ತಿರುವಿನಲ್ಲಿ ಒಂದು ಲಾರಿ ದೀಪ ಹೊರಳಿಸಿತೋ, ಅಥವಾ ಲೆನ್ಸಿನ ಮೇಲೆ ಸದ್ದಿಲ್ಲದೆ ಇಬ್ಬನಿ ಕವಿಯಿತೋ, ರಾತ್ರಿಯೆಲ್ಲ ವ್ಯರ್ಥ. ಅದು ತಿಳಿಯುತ್ತಿದ್ದುದು ಸ್ಟುಡಿಯೋದವರು ವಾರದ ಮೇಲೆ ನೆಗೆಟಿವ್ ತೊಳೆದು ಕೈಗಿತ್ತಾಗ.

ಫಿಲ್ಮಿಗೆ ಇನ್ನೂ ಒಂದು ದೌರ್ಬಲ್ಯವಿತ್ತು. ಬೆಳಕು ತೀರ ಮಂದವಾಗಿದ್ದರೆ ಅದು ದಣಿಯುತ್ತದೆ. ಎರಡರಷ್ಟು ಹೊತ್ತು ತೆರೆದಿಟ್ಟರೂ ಎರಡರಷ್ಟು ಫಲ ಕೊಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕ್ಷತ್ರಗಳ ಚಿತ್ರ ತೆಗೆಯುತ್ತ ಈ ದಣಿವನ್ನು ಅಳೆದವರು ಜರ್ಮನಿಯ ಕಾರ್ಲ್ ಶ್ವಾರ್ಜ್‌ಶೀಲ್ಡ್. ಮುಂದೆ ಐನ್‌ಸ್ಟೈನರ ಸಮೀಕರಣಗಳನ್ನು ಬಿಡಿಸಿ ಕಪ್ಪುಕುಳಿಯ ಗಣಿತಕ್ಕೆ ಬುನಾದಿ ಹಾಕಿದ ಮಹಾನುಭಾವರೂ ಇವರೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರದ ಗೆರೆ ಹೆಚ್ಚು ಪ್ರಕಾಶವಾಗುತ್ತದೆಂದು ಯಾರಿಗಾದರೂ ಅನ್ನಿಸೀತು. ಹಾಗಾಗುವುದಿಲ್ಲ. ನಕ್ಷತ್ರವು ಒಂದೆಡೆ ನಿಲ್ಲದೆ ಸರಿಯುತ್ತಲೇ ಇರುವುದರಿಂದ ಫಲಕದ ಒಂದೊಂದು ಬಿಂದುವಿನ ಮೇಲೂ ಅದರ ಬೆಳಕು ಬೀಳುವುದು ಕೆಲವೇ ಸೆಕೆಂಡುಗಳ ಕಾಲ. ಹೊತ್ತು ಹೆಚ್ಚಿದಷ್ಟೂ ಗೆರೆ ಉದ್ದವಾಗುತ್ತದೆ, ಪ್ರಕಾಶವಾಗುವುದಿಲ್ಲ. ಆಕಾಶದ ಹಿನ್ನೆಲೆ ಹಾಗಲ್ಲ. ದೂರದ ಪಟ್ಟಣದ ದೀಪಗಳ ಮಬ್ಬು ಬೆಳಕು ಫಲಕದ ಮೇಲೆಲ್ಲ ಒಂದೇ ಸಮನೆ ಸುರಿಯುತ್ತಲೇ ಇರುತ್ತದೆ, ಕೂಡುತ್ತಲೇ ಹೋಗುತ್ತದೆ. ಕೊನೆಗೆ ಆ ಮಬ್ಬಿನಲ್ಲಿ ಗೆರೆಗಳು ಮುಳುಗಿಹೋಗುತ್ತವೆ. ಪಟ್ಟಣದ ಬಳಿಯಲ್ಲಿ ಒಂದೇ ಬಾರಿಗೆ ದೀರ್ಘವಾಗಿ ಚಿತ್ರ ತೆಗೆಯಲಾಗದಿದ್ದುದು ಇದರಿಂದಲೇ.

ಡಿಜಿಟಲ್ ಕ್ಯಾಮರಾ ಬಂದ ಮೇಲೆ ಉಪಾಯ ಬದಲಾಯಿತು. ಅದರ ಸೆನ್ಸರ್ ಗಂಟೆಗಟ್ಟಲೆ ತೆರೆದಿದ್ದರೆ ಬಿಸಿಯೇರಿ ಚಿತ್ರದ ತುಂಬ ಸುಳ್ಳುಚುಕ್ಕೆಗಳನ್ನು ಎರಚುತ್ತದೆ. ಆದ್ದರಿಂದ ಈಗಿನವರು ಮೂವತ್ತು ಸೆಕೆಂಡಿನ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆಯುತ್ತ ಹೋಗುತ್ತಾರೆ. ಗಂಟೆಗೆ ಸುಮಾರು ೧೨೦, ಎರಡು ಗಂಟೆಗೆ ೨೪೦. ಮರುದಿನ ಕಂಪ್ಯೂಟರ್ ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಒಂದೊಂದು ಬಿಂದುವಿನಲ್ಲಿಯೂ ಎಲ್ಲ ಚಿತ್ರಗಳ ಪೈಕಿ ಅತ್ಯಂತ ಬೆಳಕಾಗಿರುವುದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಿನ್ನೆಲೆಯ ಮಬ್ಬು ಹೀಗೆ ಕೂಡುವುದೇ ಇಲ್ಲ. ೨೪೦ ಚಿತ್ರಗಳಾದ ಮೇಲೂ ಅದು ಒಂದು ಚಿತ್ರದಲ್ಲಿದ್ದಷ್ಟೇ. ಗೆರೆಗಳು ಮಾತ್ರ ಬೆಳೆಯುತ್ತವೆ. ಲಾರಿಯ ದೀಪ ಬಿದ್ದ ಒಂದು ಚಿತ್ರ ಕೆಟ್ಟರೆ ಆ ಒಂದನ್ನು ತಿದ್ದಿದರಾಯಿತು. ಸರಳವಾದ ಈ ಯುಕ್ತಿಯಿಂದಾಗಿ ಬೆಂಗಳೂರಿನ ಮಾಳಿಗೆಯ ಮೇಲೂ, ಪ್ರತಿ ಚಿತ್ರದ ಅವಧಿಯನ್ನು ಐದಾರು ಸೆಕೆಂಡಿಗೆ ಇಳಿಸಿಕೊಂಡರೆ, ನೀರಿನ ಟ್ಯಾಂಕಿನ ಹಿಂದೆ ಹತ್ತಿಪ್ಪತ್ತು ಗೆರೆಗಳನ್ನಾದರೂ ಹಿಡಿಯಬಹುದು. ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಂಡು ಒಮ್ಮೆ ಮಾಡಿ ನೋಡಬಹುದಾದ ಕೆಲಸ.

ಉಳಿದದ್ದೆಲ್ಲ ತಾಳ್ಮೆ. ಗಾಳಿಗೆ ಅಲುಗದಂತೆ ಟ್ರೈಪಾಡಿಗೆ ಕಲ್ಲು ತುಂಬಿದ ಚೀಲವೊಂದನ್ನು ತೂಗುಬಿಡಬೇಕು. ದೂರದರ್ಶಿ ಗುರುತನ್ನು ನಂಬದೆ, ಹೊಳೆಯುವ ಒಂದು ನಕ್ಷತ್ರದ ಮೇಲೆಯೇ ಲೆನ್ಸನ್ನು ಕೈಯಿಂದ ತಿರುಗಿಸಿ ನಿಖರಗೊಳಿಸಬೇಕು. ಎರಡು ಚಿತ್ರಗಳ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಬಿಡುವು ಬಿದ್ದರೆ ಗೆರೆಗಳು ಹೊಲಿಗೆ ಬಿಚ್ಚಿದಂತೆ ತುಂಡುತುಂಡಾಗಿ ಕಾಣುತ್ತವೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅದನ್ನು ಕೆಡಿಸಲು ಮೊಬೈಲಿನ ಒಂದು ಮಿಂಚು ಸಾಕು. ಅದಕ್ಕಾಗಿಯೇ ಬಲ್ಲವರು ಕೆಂಪು ಕಾಗದ ಸುತ್ತಿದ ಟಾರ್ಚನ್ನು ಇಟ್ಟುಕೊಂಡಿರುತ್ತಾರೆ.

ಋತುವನ್ನೂ ತಿಥಿಯನ್ನೂ ನೋಡಿಕೊಳ್ಳಬೇಕು. ಬಯಲುಸೀಮೆಯಲ್ಲಿ ದೀಪಾವಳಿ ಕಳೆದ ಮೇಲಿನಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಅಮಾವಾಸ್ಯೆಯಲ್ಲಿ ನಕ್ಷತ್ರಗಳು ಹೇರಳ, ಆದರೆ ಬಂಡೆಗಳು ಬರಿಯ ಕಪ್ಪು ನೆರಳುಗಳಾಗಿ ಉಳಿದುಬಿಡುತ್ತವೆ. ಶುಕ್ಲ ಪಕ್ಷದ ಚೌತಿಯೋ ಪಂಚಮಿಯೋ ಆದರೆ ಎಳೆಯ ಚಂದ್ರನು ಮೊದಲ ಮೂರು ಗಂಟೆ ಬಂಡೆಗಳಿಗೆ ತೆಳುವಾದ ಬೆಳಕನ್ನು ಬಳಿದು, ತಾನಾಗಿಯೇ ಮುಳುಗಿ, ಉಳಿದ ರಾತ್ರಿಯನ್ನು ನಕ್ಷತ್ರಗಳಿಗೆ ಬಿಟ್ಟುಕೊಡುತ್ತಾನೆ.

ಕಣ್ಣಿಗೆ ಕಾಣದ ಬಣ್ಣ

ಈ ಚಿತ್ರಗಳನ್ನು ಮೊದಲ ಬಾರಿ ನೋಡಿದವರು ಬಣ್ಣಗಳನ್ನು ಕಂಡು ಅದು ಕೃತಕವೆಂದು ಸಂಶಯಪಡುತ್ತಾರೆ. ಸಂಶಯ ಬೇಡ. ಆರ್ದ್ರಾ, ಜ್ಯೇಷ್ಠಾ ನಕ್ಷತ್ರಗಳ ಗೆರೆಗಳು ಕೆಂಡದಂತೆ, ರೋಹಿಣಿ ಮತ್ತು ಸ್ವಾತಿಯವು ಕಿತ್ತಳೆಯಂತೆ, ಚಿತ್ತಾ ಮತ್ತು ಅಭಿಜಿತ್ತಿನವು ತಿಳಿನೀಲಿಯಾಗಿ ಮೂಡುವುದು ಅವುಗಳ ನಿಜವಾದ ಮೈಬಣ್ಣ. ಆರ್ದ್ರೆಯ ಮೇಲ್ಮೈಯ ಉಷ್ಣತೆ ಸುಮಾರು ೩,೩೦೦ ಡಿಗ್ರಿ ಸೆಲ್ಸಿಯಸ್. ಮಹಾವ್ಯಾಧನ ಕಾಲಿನಲ್ಲಿರುವ ರೈಜೆಲ್ ನಕ್ಷತ್ರದ್ದು ೧೨,೦೦೦ ಡಿಗ್ರಿಯ ಆಸುಪಾಸು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಮೊದಲು ಕೆಂಪಾಗಿ, ಇನ್ನೂ ಕಾದಂತೆ ಬೆಳ್ಳಗಾಗುವ ನಿಯಮವೇ ಅಲ್ಲಿಯೂ. ಮಂದ ಬೆಳಕಿನಲ್ಲಿ ಮನುಷ್ಯನ ಕಣ್ಣು ಬಣ್ಣವನ್ನು ಅಷ್ಟಾಗಿ ಗುರುತಿಸದು. ನಿಂತ ನಕ್ಷತ್ರದ ಚಿತ್ರದಲ್ಲಾದರೋ ಬೆಳಕೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದು ಸುಟ್ಟಂತೆ ಬಿಳಿಯಾಗುತ್ತದೆ. ಜಾಡಿನಲ್ಲಿ ಅದೇ ಬೆಳಕು ನೀಳವಾಗಿ ಹರಡಿಕೊಳ್ಳುವುದರಿಂದ ಬಣ್ಣ ಉಳಿಯುತ್ತದೆ.

ಕರಗುತ್ತಿರುವ ಕತ್ತಲೆ

ಇಷ್ಟೆಲ್ಲಕ್ಕೂ ಬೇಕಾದ ಮೂಲದ್ರವ್ಯ ಕತ್ತಲೆ, ಮತ್ತು ಅದೇ ಈಗ ದುರ್ಲಭವಾಗುತ್ತಿದೆ. ಜಗತ್ತಿನ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ತಾವಿರುವ ಊರಿನಿಂದ ಆಕಾಶಗಂಗೆಯನ್ನು ಕಾಣಲಾರರೆಂದು ೨೦೧೬ರಲ್ಲಿ ಪ್ರಕಟವಾದ ಜಾಗತಿಕ ಭೂಪಟವೊಂದು ತಿಳಿಸಿತು. ೨೦೧೧ರಿಂದ ೨೦೨೨ರವರೆಗೆ ಸಾಮಾನ್ಯ ಜನರೇ ತಮ್ಮ ತಮ್ಮ ಮನೆಗಳಿಂದ ಆಕಾಶ ನೋಡಿ ಕಳುಹಿಸಿದ ವರದಿಗಳನ್ನು ಒಟ್ಟುಗೂಡಿಸಿದ ವಿಜ್ಞಾನಿಗಳು, ಬಹುಪಾಲು ಯೂರೋಪ್ ಮತ್ತು ಉತ್ತರ ಅಮೆರಿಕದಿಂದ ಬಂದ ಆ ವರದಿಗಳ ಪ್ರಕಾರ, ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಸುಮಾರು ಶೇಕಡ ೧೦ರಂತೆ ಏರುತ್ತಿದೆಯೆಂದು ೨೦೨೩ರಲ್ಲಿ ಲೆಕ್ಕ ಹೇಳಿದರು. ಆ ಗತಿಯಲ್ಲಿ, ಮಗುವೊಂದು ಹುಟ್ಟಿದಾಗ ೨೫೦ ನಕ್ಷತ್ರಗಳು ಕಾಣುತ್ತಿದ್ದ ಊರಿನಲ್ಲಿ ಅದಕ್ಕೆ ಹದಿನೆಂಟು ತುಂಬುವ ಹೊತ್ತಿಗೆ ಉಳಿಯುವುದು ನೂರು. ಮದುವೆಯ ಶಾಸ್ತ್ರವನ್ನು ರಾತ್ರಿಯೇ ನಡೆಸಿದರೂ ಮಂದವಾದ ಅರುಂಧತಿ ದೊಡ್ಡ ಊರಿನ ಛತ್ರದ ಅಂಗಳಕ್ಕೆ ಇಳಿದು ಬರುವುದು ಕಷ್ಟ.

ಮೇಲಿನಿಂದಲೂ ತೊಡಕು ಬಂದಿದೆ. ೨೦೧೯ರ ಮೇ ತಿಂಗಳಲ್ಲಿ ಅಮೆರಿಕದ ಕಂಪನಿಯೊಂದು ಇಂಟರ್‌ನೆಟ್ ಸೇವೆಗಾಗಿ ಒಮ್ಮೆಗೇ ಅರವತ್ತು ಉಪಗ್ರಹಗಳನ್ನು ಹಾರಿಸಿತು. ಅಲ್ಲಿಂದೀಚೆಗೆ ಅಂತಹವು ಸಾವಿರಾರು ಸೇರಿಕೊಂಡಿವೆ. ಮುಸ್ಸಂಜೆಯ ಮೇಲೆ ಮತ್ತು ಮುಂಜಾವಿಗೆ ಮುನ್ನ ಅವು ಸೂರ್ಯನ ಬೆಳಕನ್ನು ಹಿಡಿದು ಹೊಳೆಯುತ್ತವೆ. ಕಮಾನುಗಳ ಮೇಲೆ ಮಗುವು ಸೀಸದಕಡ್ಡಿಯಿಂದ ಅಡ್ಡಾದಿಡ್ಡಿ ಗೀಚಿದಂತೆ ಅವುಗಳ ಗೆರೆಗಳು ಬೀಳುತ್ತವೆ. ಇವನ್ನು ಒಂದೊಂದಾಗಿ ಅಳಿಸಿ ಚಿತ್ರವನ್ನು ‘ಶುದ್ಧ’ಗೊಳಿಸುವವರೂ ಉಂಟು, ಇದ್ದದ್ದು ಇದ್ದಂತೆಯೇ ಇರಲೆನ್ನುವವರೂ ಉಂಟು. ಬಹುಮಾನದ ಆಸೆಯಿಂದ ಅಳಿಸುವವರನ್ನು ದೂರಬೇಕಾಗಿಲ್ಲ. ಆದರೂ ಮುಂದೊಂದು ದಿನ ಈ ಕಾಲದ ಆಕಾಶ ಹೇಗಿತ್ತೆಂದು ಹುಡುಕುವವರಿಗೆ ಗೀಚುಗಳಿರುವ ಚಿತ್ರವೇ ಹೆಚ್ಚು ಉಪಯೋಗಕ್ಕೆ ಬಂದೀತು.

ಕತ್ತಲೆಯನ್ನು ಕಾಯುವ ಊರು

ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ಲಡಾಖಿನ ಹಾನ್ಲೆ ಎಂಬಲ್ಲಿ, ಕತ್ತಲೆಯನ್ನು ಕಾಯುವ ಕೆಲಸವೊಂದು ನಡೆದಿದೆ. ಹಾನ್ಲೆಯೂ ಬೆಂಗಳೂರೂ ಹೆಚ್ಚುಕಡಮೆ ಒಂದೇ ರೇಖಾಂಶದ ಮೇಲಿವೆ. ಎರಡೂ ಊರುಗಳ ನೆತ್ತಿಯ ಗೆರೆಯನ್ನು ಒಂದೊಂದು ನಕ್ಷತ್ರವೂ ಕೆಲವೇ ನಿಮಿಷಗಳ ಅಂತರದಲ್ಲಿ ದಾಟುತ್ತದೆ. ಧ್ರುವನ ಎತ್ತರ ಮಾತ್ರ ಇಲ್ಲಿ ೧೩ ಡಿಗ್ರಿ, ಅಲ್ಲಿ ೩೩. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಸುಮಾರು ೪,೫೦೦ ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಎರಡು ಮೀಟರ್ ವ್ಯಾಸದ ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕವನ್ನು ಸ್ಥಾಪಿಸಿತು. ಅದು ಮೊದಲು ಕಣ್ತೆರೆದದ್ದು ೨೦೦೦ದಲ್ಲಿ. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಅವರ ಆಜ್ಞೆ ಉಪಗ್ರಹದ ಮೂಲಕ ಬೆಟ್ಟಕ್ಕೆ ತಲಪುತ್ತದೆ. ನಗರದ ದೀಪಗಳಿಗೆ ಬೆಳ್ಳಗಾದ ಆಕಾಶದ ಕೆಳಗೆ ಕುಳಿತು, ದೇಶದ ಇನ್ನೊಂದು ತುದಿಯ ಕಡುಗಪ್ಪು ಆಕಾಶವನ್ನು ನೋಡುವ ವಿಚಿತ್ರ ಉದ್ಯೋಗವದು.

೨೦೨೨ರಲ್ಲಿ ಹಾನ್ಲೆಯ ಸುತ್ತಲಿನ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹುಲಿಗೆ, ಹಕ್ಕಿಗೆ ಮೀಸಲು ಕಾಡುಗಳಿರುವಂತೆ ಇದು ಇರುಳಿಗೆ ಮೀಸಲು. ಅಲ್ಲಿ ವಾಹನಗಳ ಪ್ರಖರ ದೀಪಗಳಿಗೂ ಹೊರಾಂಗಣದ ದೀಪಗಳಿಗೂ ಕಟ್ಟುಪಾಡುಗಳಿವೆ. ಊರಿನ ಯುವಕ ಯುವತಿಯರಿಗೆ ದೂರದರ್ಶಕಗಳನ್ನು ಕೊಟ್ಟು, ಪ್ರವಾಸಿಗಳಿಗೆ ಆಕಾಶ ತೋರಿಸುವ ತರಬೇತಿ ನೀಡಲಾಗಿದೆ. ಕತ್ತಲೆ ಉಳಿದರೆ ಮನೆಗೆ ನಾಲ್ಕು ಕಾಸು ಬರುತ್ತದೆಂಬುದು ಅವರಿಗೆ ಗೊತ್ತಾಗಿದೆ. ದೀಪ ಆರಿಸಿರೆಂಬ ಉಪದೇಶಕ್ಕಿಂತ ಇದು ಹೆಚ್ಚು ಕೆಲಸ ಮಾಡೀತು.

ಹಾನ್ಲೆ ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಅಂಗ್ಚುಕ್ ಅವರು ರಾತ್ರಿಯಾಕಾಶದ ಚಿತ್ರಗಳಿಗೆ ಹೆಸರಾದವರು. ೨೦೨೫ರ ಆರಂಭದಲ್ಲಿ ಅವರು ಪ್ರಕಟಿಸಿದ ಚಲಿಸುವ ಚಿತ್ರವೊಂದು ಜಾಡಿನ ಚಿತ್ರದ ಆಟವನ್ನೇ ತಿರುವುಮುರುವು ಮಾಡಿಬಿಟ್ಟಿತು. ಕ್ಯಾಮರಾವನ್ನು ನೆಲಕ್ಕೆ ಕಟ್ಟಿಹಾಕದೆ, ನಕ್ಷತ್ರಗಳನ್ನೇ ಹಿಂಬಾಲಿಸುವ ಯಂತ್ರಕ್ಕೆ ಕೂಡಿಸಿ ಅವರು ಒಂದು ದಿನದ ಉದ್ದಕ್ಕೂ ಚಿತ್ರಗಳನ್ನು ತೆಗೆದರು. ಕೊರೆಯುವ ಚಳಿಯಲ್ಲಿ ಬ್ಯಾಟರಿಗಳು ಸೋತು, ಯಂತ್ರ ಮುಷ್ಕರ ಹೂಡಿ, ಹಲವು ರಾತ್ರಿಗಳ ಪ್ರಯತ್ನದ ಮೇಲೆ ಅದು ಕೈಗೂಡಿತು. ಅದರಲ್ಲಿ ಆಕಾಶಗಂಗೆ ತನ್ನ ಜಾಗದಲ್ಲಿ ತಾನು ನಿಂತಿದೆ, ಒಂದು ನಕ್ಷತ್ರವೂ ಕದಲುವುದಿಲ್ಲ. ಬೆಟ್ಟ, ಬಯಲು, ವೀಕ್ಷಣಾಲಯದ ಕಟ್ಟಡ ಎಲ್ಲವೂ ಒಂದು ಕಡೆಗೆ ವಾಲುತ್ತ, ವಾಲುತ್ತ, ಪೂರ್ತಿಯಾಗಿ ಒಂದು ಉರುಳು ಉರುಳುತ್ತವೆ.